ನೂಲಾಳ ಸೊಂಟದ ಅಳತೆ

ಥರ್ಸೋ, ಸ್ಕಾಟ್ಲೆಂಡ್
೬ ಜನವರಿ ೧೯೯೭

ಪ್ರೀತಿಯ ಡಿಂಪ್ನಕ್ಕ,

ಹೊಸ ವರ್ಷ ನಿನಗೂ ಭಾವನಿಗೂ ಚೆನ್ನಾಗಿರಲಿ. ಕ್ರಿಸ್‌ಮಸ್ ಕೇಕು ತಲುಪಿತು. ಬೇಕರಿಯಲ್ಲಿ ಕೆಲಸ ಮಾಡುವವಳಿಗೆ ಐರ್ಲೆಂಡಿನಿಂದ ಕೇಕು ಕಳಿಸುವ ಧೈರ್ಯ ನಿನ್ನೊಬ್ಬಳಿಗೇ ಇರುವುದು. ನಮ್ಮ ಮನೆಯೊಡತಿ ಮಿಸೆಸ್ ಗನ್ ಅರ್ಧ ತಿಂದು, "ಪರವಾಗಿಲ್ಲ, ತಿನ್ನಬಹುದು" ಅಂದಳು. ಆಕೆಯ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಈಗ ಕೆಲಸದ ಮಾತು. ತಣ್ಣನೆಯ ಕಡಲಿಗಿಳಿಯಲು ನನಗಿರುವ ಒಂದೇ ರಬ್ಬರು ಅಂಗಿ, ನನ್ನ ವೆಟ್‌ಸೂಟ್, ಕುಗ್ಗಿದೆ. ನೀನು ಮೊಣಕಾಲಿಗೆ ತೇಪೆ ಹಾಕಿಕೊಟ್ಟ ಅದೇ ಸೂಟು. ಇಷ್ಟು ಚಳಿಗಾಲ ಕಂಡ ರಬ್ಬರು ಇನ್ನೆಷ್ಟು ದಿನ ಹಿಗ್ಗೀತು ಹೇಳು. ಬೆನ್ನಿನ ಜಿಪ್ಪು ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಉಸಿರು ಬಿಗಿಹಿಡಿದು ಎಳೆದರೆ ಮೇಲೆ ಬರುತ್ತದೆ, ಆದರೆ ಆಮೇಲೆ ನಾನು ಉಸಿರಾಡುವಂತಿಲ್ಲ.

ಇಲ್ಲಿನ ಅಂಗಡಿಗೆ ಹೋಗಿದ್ದೆ. ಹೆಂಗಸರ ಸೂಟು ಕೇಳಿದರೆ ಅಂಗಡಿಯವನು ಗುಲಾಬಿ ಬಣ್ಣದ್ದೊಂದು ತಂದು ಮುಂದೆ ಹಿಡಿದ. ಮೂರು ಮಿಲಿಮೀಟರ್ ದಪ್ಪ, ಪಕ್ಕೆಯಲ್ಲಿ ಹೂವಿನ ಚಿತ್ರ.

"ಇದು ಯಾವ ದೇಶದ ನೀರಿಗೆ ಮಾಡಿದ್ದಪ್ಪಾ?" ಅಂದೆ.

"ಹೆಂಗಸ್ರು ಜಾಸ್ತಿ ಬೇಸಿಗೇಲಿ ತಾನೆ ಇಳಿಯೋದು?"

"ನಾನು ಹೆಂಗಸಲ್ವಾ? ನಿನ್ನೆ ನೀರಿಂದ ಎದ್ದಾಗ ನನ್ನ ಕೂದಲು ಮಂಜುಗಟ್ಟಿತ್ತು."

ಅವನು ಪಾಪ, ಗಂಡಸರ ಸಣ್ಣ ಸೈಜು ತೋರಿಸಿದ. ಅದರ ಕಥೆ ನಿನಗೆ ಗೊತ್ತೇ ಇದೆ. ಬೇಡದ ಕಡೆ ಜಾಗ, ಬೇಕಾದ ಕಡೆ ಬಿಗಿ.

ಕಾರ್ನ್‌ವಾಲ್‌ನಲ್ಲಿ ಹೆಂಗಸರ ಅಳತೆಗೇ ರಬ್ಬರು ಕತ್ತರಿಸಿ ಹೊಲಿಯುವವಳು ಒಬ್ಬಳಿದ್ದಾಳೆ ಎಂದಿದ್ದೆಯಲ್ಲ, ಲೊವೆನಾ ಅಂತ. ನಿನ್ನ ಮೂಲಕ ಅವಳಿಗೆ ಹೇಳಿ ನನಗೊಂದು ಮಾಡಿಸಿಕೊಡು. ಆರು ಮಿಲಿಮೀಟರ್. ಕಪ್ಪು. ಹೂವು ಬೇಡ.

ಫೋನು ಮಾಡಬೇಡ. ಇಲ್ಲಿ ಫೋನಿರುವುದು ಕೆಳಗಿನ ಹಜಾರದಲ್ಲಿ, ಮಿಸೆಸ್ ಗನ್ ಕಿವಿಯ ಪಕ್ಕದಲ್ಲಿ.

ನಿನ್ನ,
ನೂಲಾ

*

ಈಸ್ಕಿ, ಸ್ಲೈಗೋ ಜಿಲ್ಲೆ, ಐರ್ಲೆಂಡ್
೧೪ ಜನವರಿ ೧೯೯೭

ನೂಲಾ,

ಸೂಟು ಕುಗ್ಗಿತಂತೆ! ಕ್ರಿಸ್‌ಮಸ್ ಕಳೆದದ್ದೇ ತಡ, ನಮ್ಮ ಇಡೀ ಜಿಲ್ಲೆಯ ರಬ್ಬರು ಕುಗ್ಗುತ್ತದೆ. ನನ್ನ ರಿಪೇರಿ ಶೆಡ್ಡಿನ ಬಾಗಿಲಲ್ಲಿ ಈ ವಾರ ಸಾಲಾಗಿ ನಿಂತಿದ್ದರು. ಎಲ್ಲರದೂ ಒಂದೇ ಹಾಡು. "ಡಿಂಪ್ನಾ, ಇದು ಯಾಕೋ ಕುಗ್ಗಿದೆ ನೋಡು." ನಾನು ಒಂದು ಹೊಲಿಗೆ ಬಿಚ್ಚಿ, ಒಂದು ಪಟ್ಟಿ ಸೇರಿಸಿ, ಮುಖ ಗಂಟು ಹಾಕಿಕೊಂಡು "ಹೌದು ಹೌದು, ಕೆಟ್ಟ ರಬ್ಬರು" ಅನ್ನುತ್ತೇನೆ. ಗಿರಾಕಿಯ ಮರ್ಯಾದೆ ಉಳಿಸುವುದೂ ನಮ್ಮ ಕಸುಬೇ.

ನಿನ್ನ ಕಾಗದ ಓದಿ ಹೇಳಿದಾಗ ಮ್ಯಾಲಕಿ, "ಬೇಕರೀಲಿ ಕೆಲಸ ಮಾಡೋಳಿಗೆ ಸೂಟು ಕುಗ್ಗದೆ ಇನ್ನೇನಾಗುತ್ತೆ? ಬೆಣ್ಣೆ ಕಮ್ಮಿ ತಿನ್ನು ಅಂತ ಬರಿ" ಅಂದ. ಬರೆದಿದ್ದೇನೆ. ನಿನ್ನ ಭಾವನ ಮೇಲೆ ಸಿಟ್ಟು ಮಾಡಿಕೊ, ನನ್ನ ಮೇಲಲ್ಲ.

ಆದರೂ ಹೊಸ ಸೂಟು ಬೇಕು ಎನ್ನುವುದು ನಿಜ. ಹೋದ ಸಲ ಬಂದಾಗ ನೋಡಿದ್ದೆ, ತೇಪೆಯ ನಡುವೆ ಅಲ್ಲಲ್ಲಿ ಸೂಟು ಉಳಿದಿತ್ತು. ಲೊವೆನಾಗೆ ಬರೆಯುತ್ತೇನೆ. ಅವಳು ಹೊಲಿಗೆ ಹಾಕುವ ಮೊದಲು ರಬ್ಬರನ್ನು ಅಂಟಿಸುತ್ತಾಳೆ, ಸೂಜಿ ಆಚೆ ಬದಿಗೆ ತೂರುವುದೇ ಇಲ್ಲ, ಹಾಗಾಗಿ ಒಂದು ಹನಿ ನೀರು ಒಳಗೆ ಬರುವುದಿಲ್ಲ. ಎದೆಯ ಹತ್ತಿರ ಎರಡು ತುಂಡು ಸೇರಿಸಿ ಜಾಗ ಬಿಡುತ್ತಾಳೆ. ಭುಜ ಕಿರಿದು, ತೋಳು ಗಿಡ್ಡ, ಸೊಂಟ ಹಿಡಿದು ತೊಡೆಯಲ್ಲಿ ಅಗಲ. ದೇವರು ಹೆಂಗಸನ್ನು ಹೇಗೆ ಮಾಡಿದ್ದಾನೋ ಹಾಗೆ ಕತ್ತರಿಸುವವಳು ಅವಳೊಬ್ಬಳೇ.

ಒಂದು ಮಾತು ನೆನಪಿರಲಿ. ಒಣಗಿರುವಾಗ ಹಾಯಾಗಿರುವ ಸೂಟು ನೀರಿನಲ್ಲಿ ಕೈ ಕೊಡುತ್ತದೆ. ಹಾಕಿಕೊಂಡಾಗ ಯಾರೋ ಗಟ್ಟಿಯಾಗಿ ತಬ್ಬಿ ಬಿಡದೇ ಹೋದಂತಿರಬೇಕು. ಬೆನ್ನಿನ ಕುಳಿಯಲ್ಲಿ ಸಂದಿ ಬಿಟ್ಟರೆ, ಮುಳುಗಿ ಏಳುವಾಗಲೆಲ್ಲ ಒಂದು ಚೊಂಬು ತಣ್ಣೀರು ಬೆನ್ನಿಗೆ ಸುರಿದ ಹಾಗೆ. ಅದಕ್ಕೇ ಅಳತೆ ಸರಿಯಾಗಿ ಬೇಕು. ನೀನೇ ಅಳೆದುಕೊಳ್ಳಬೇಡ, ಬಗ್ಗಿದರೆ ಲೆಕ್ಕ ತಪ್ಪುತ್ತದೆ. ನಿನ್ನ ಜೊತೆ ನೀರಿಗಿಳಿಯುತ್ತಾಳಲ್ಲ, ಹಸು ಸಾಕುವ ಐಲ್ಸಾ, ಅವಳ ಕೈಯಲ್ಲಿ ಅಳತೆ ಹಿಡಿಸು.

ಡಿಂಪ್ನಾ

*

ಥರ್ಸೋ
೨೩ ಜನವರಿ ೧೯೯೭

ಪ್ರೀತಿಯ ಅಕ್ಕ,

ಅಳತೆಯ ಚೀಟಿ ಈ ಕಾಗದದ ಜೊತೆಗಿದೆ. ನಾನೇ ಹಿಡಿದೆ. ಐಲ್ಸಾಗೆ ಪುರುಸೊತ್ತಿಲ್ಲ, ಅವಳ ಕೊಟ್ಟಿಗೆಯಲ್ಲಿ ಕರು ಹಾಕುವ ಕಾಲ. ಭುಜ, ತೋಳು ಮೊದಲಿಗಿಂತ ಸ್ವಲ್ಪ ಕಮ್ಮಿ ಬಂದಿದೆ, ತಪ್ಪಲ್ಲ, ಎರಡು ಸಲ ನೋಡಿದ್ದೇನೆ. ಸೊಂಟ ಮಾತ್ರ ಧಾರಾಳವಾಗಿ ಕತ್ತರಿಸಲಿ. ಬರೆದದ್ದಕ್ಕಿಂತ ಒಂದೆರಡು ಇಂಚು ಜಾಸ್ತಿಯಾದರೂ ಬೇಜಾರಿಲ್ಲ.

ಭಾವನಿಗೆ ಹೇಳು, ಬೆಣ್ಣೆ ಮುಟ್ಟಿ ತಿಂಗಳಾಯಿತು. ಯಾಕೋ ಹಸಿವೇ ಇಲ್ಲ. ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ರೊಟ್ಟಿಯ ವಾಸನೆ ಕುಡಿದರೆ ಯಾರಿಗಾದರೂ ಹಾಗೇ ಆದೀತು.

ಅಲೆ ಮಾತ್ರ ಈ ತಿಂಗಳು ಏನು ಚೆಂದ ಬಂದಿದೆ ಅಂತೀಯ! ನದಿ ಕಡಲು ಸೇರುವ ಕಡೆ, ಹಳೇ ಕೋಟೆಯ ಕೆಳಗೆ, ಬಲಕ್ಕೆ ಉರುಳಿಕೊಂಡು ಹೋಗುತ್ತಲೇ ಇರುತ್ತದೆ. ಹಳೇ ಸೂಟನ್ನೇ ಹೇಗೋ ತೂರಿಸಿಕೊಂಡು, ಅಲೆಯ ಮೇಲೆ ಜಾರುವ ಹಲಗೆ ಹಿಡಿದು ಮಧ್ಯಾಹ್ನ ಒಬ್ಬಳೇ ಇಳಿಯುತ್ತೇನೆ. ಐಲ್ಸಾಳ ಕೊಟ್ಟಿಗೆಯಲ್ಲಿ ಬಟ್ಟೆ ಬದಲಿಸುವುದು ಬಿಟ್ಟಿದ್ದೇನೆ. ಕಾರಿನ ಸೀಟಿಗೆ ಒಂದು ಗೊಬ್ಬರದ ಚೀಲ ಹಾಸಿ, ಒದ್ದೆ ಸೂಟಿನಲ್ಲೇ ಮನೆಗೆ ಬಂದು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ನಿಧಾನಕ್ಕೆ ಬಿಚ್ಚಿಕೊಳ್ಳುತ್ತೇನೆ. ಅದೇ ಸುಖ.

ಬೇಗ ಬರಲಿ ಸೂಟು.

ನೂಲಾ

*

ಈಸ್ಕಿ
೩೦ ಜನವರಿ ೧೯೯೭

ನನ್ನ ಕಳ್ಳಿ ನೂಲಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನಗು ತಡೆಯಲಾಗದೆ ಕೈಯಲ್ಲಿದ್ದ ಅಂಟಿನ ಕುಂಚವನ್ನು ಕೆಳಗೆ ಬೀಳಿಸಿಕೊಂಡೆ. ಸೊಂಟ ಧಾರಾಳ! ಹಸಿವಿಲ್ಲ! ಐಲ್ಸಾಳ ಮುಂದೆ ಬಟ್ಟೆ ಬಿಚ್ಚಲು ನಾಚಿಕೆ! ನನಗೇನು ಕಣ್ಣಿಲ್ಲ ಅಂದುಕೊಂಡೆಯಾ?

ಆರ್ಕ್ನಿ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಕೆಲಸ ಮಾಡುವ ಆ ಮ್ಯಾಗ್ನಸ್ ತಾನೇ? ಹೋದ ಬೇಸಿಗೆಯಲ್ಲಿ ಅವನ ಹೆಸರನ್ನು ಒಂದೇ ಕಾಗದದಲ್ಲಿ ನಾಲ್ಕು ಸಲ ಬರೆದಿದ್ದೆಯಲ್ಲ. ಮದುವೆ ಆಗಿಲ್ಲ, ನಲವತ್ತು ದಾಟಿತು, ಅಕ್ಕ ಏನಂದಾಳು ಅಂತ ಹೆದರಿಕೊಂಡೆಯಾ? ಹುಚ್ಚಿ, ಅಕ್ಕ ಏನೂ ಅನ್ನುವುದಿಲ್ಲ. ಅಕ್ಕ ಕುಣಿಯುತ್ತಾಳೆ. ನನಗಂತೂ ಮಕ್ಕಳಾಗಲಿಲ್ಲ. ನಮ್ಮ ಮನೆಗೆ ಒಂದು ಕೂಸು ಬರುತ್ತದೆ ಅಂದರೆ ಅದರ ಮುಂದೆ ಊರಿನ ಮಾತು ಯಾವ ಲೆಕ್ಕ?

ಮ್ಯಾಲಕಿಗೆ ಹೇಳಿಬಿಟ್ಟೆ, ತಡೆಯಲಾಗಲಿಲ್ಲ. ಅವನು ಹಾಲಿನ ಲಾರಿ ಹತ್ತುವವನು ಮತ್ತೆ ಇಳಿದು ಬಂದು, "ನಿಜವಾಗ್ಲೂನಾ? ನಮ್ಮ ನೂಲಾಗಾ?" ಅಂತ ಕೇಳಿದ. ಕಣ್ಣು ಒರೆಸಿಕೊಂಡು ಹೋದ.

ನಾಳೆ ಸಂತ ಬ್ರಿಜಿಡಳ ಹಬ್ಬದ ಹಿಂದಿನ ರಾತ್ರಿ. ನಿನ್ನ ಹೆಸರಲ್ಲಿ ಒಂದು ಬಟ್ಟೆಯ ತುಂಡನ್ನು ಹಿತ್ತಿಲಿನ ಮುಳ್ಳುಗಿಡದ ಮೇಲೆ ಹಾಕುತ್ತೇನೆ. ಇಬ್ಬನಿ ಬಿದ್ದ ಬಟ್ಟೆ ಬಸುರಿಯರಿಗೆ ಒಳ್ಳೆಯದು ಅಂತ ಅಮ್ಮ ಹೇಳುತ್ತಿದ್ದಳಲ್ಲ. ಆಮೇಲೆ ನಿನಗೆ ಕಳಿಸುತ್ತೇನೆ.

ಇನ್ನು ಸೂಟಿನ ಮಾತು ಬಿಡು. ಮಗು ಹುಟ್ಟುವ ಮೊದಲು ನೀರಿಗಿಳಿದರೆ ನಾನೇ ಬಂದು ಕಾಲು ಮುರಿಯುತ್ತೇನೆ.

ನಿನ್ನ ಅಕ್ಕ

*

ಥರ್ಸೋ
೭ ಫೆಬ್ರವರಿ ೧೯೯೭

ಡಿಂಪ್ನಕ್ಕ,

ಮಗು ಇಲ್ಲ. ಮ್ಯಾಗ್ನಸ್ ಕೂಡ ಇಲ್ಲ, ಅವನು ಸೆಪ್ಟೆಂಬರಿನಲ್ಲೇ ಕರ್ಕ್‌ವಾಲ್‌ನ ಟೀಚರನ್ನು ಮದುವೆಯಾದ. ಬಟ್ಟೆ ತಲುಪಿತು. ಭಾವನಿಗೆ ನೀನೇ ಹೇಳು, ನನ್ನಿಂದಾಗುವುದಿಲ್ಲ.

ನಾನು ಕೇಳಿದ್ದು ಒಂದು ವೆಟ್‌ಸೂಟ್. ಅಳತೆ ಕಳಿಸಿದ್ದೇನೆ. ಲೊವೆನಾಗೆ ಆರ್ಡರ್ ಕೊಡುತ್ತೀಯೋ ಇಲ್ಲವೋ ಅಷ್ಟು ಬರೆ. ನೀನು ಕೊಡದಿದ್ದರೆ ಐಲ್ಸಾಳ ತಮ್ಮನ ಹಳೇ ಸೂಟಿದೆ, ದೊಡ್ಡದು, ಅದನ್ನೇ ಹಾಕಿಕೊಳ್ಳುತ್ತೇನೆ.

ನೂಲಾ

*

ಈಸ್ಕಿ
೧೧ ಫೆಬ್ರವರಿ ೧೯೯೭

ನೂಲಾ,

ನನ್ನ ಬಾಯಿಗೆ ಬೆಂಕಿ ಬೀಳಲಿ. ಏನೇನೋ ಬರೆದುಬಿಟ್ಟೆ. ಕ್ಷಮಿಸು.

ನಿನ್ನ ಕಾಗದ ಬಂದ ಮೇಲೆ ಹಳೆಯವನ್ನೆಲ್ಲ ತೆಗೆದು ಮತ್ತೆ ಓದಿದೆ. ಮಗು ಅಲ್ಲ ಅಂದಮೇಲೆ ಇನ್ನೇನು ಅಂತ ಯೋಚಿಸಿದೆ. ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು.

ಜನವರಿಯಲ್ಲಿ, ಆ ಉತ್ತರದ ಗಾಳಿಯಲ್ಲಿ, ಒದ್ದೆ ಸೂಟಿನಲ್ಲಿ ಕಾರು ಓಡಿಸಿಕೊಂಡು ಮನೆಗೆ ಬರುವವಳು ಸುಖಕ್ಕೆ ಬರುವುದಿಲ್ಲ. ಬೆರಳು ಮರಗಟ್ಟಿರುವಾಗ ಈ ರಬ್ಬರನ್ನು ಒಬ್ಬರೇ ಬಿಚ್ಚಿಕೊಳ್ಳುವುದು ಎಂಥ ಪಾಡು ಅಂತ ನನಗೆ ಗೊತ್ತು. ಅದಕ್ಕೇ ತಾನೇ ಜೊತೆಗಾರರು ಬೇಕು? ನೀನು ಗೋಡೆಯ ಮೇಲೆ ಕೂರುತ್ತಿದ್ದೆ, ನಾನು ಹಿಮ್ಮಡಿ ಹಿಡಿದು ಎಳೆಯುತ್ತಿದ್ದೆ, ಸೂಟು ಕಳಚಿ ಬಂದಾಗ ಇಬ್ಬರೂ ಬೀಳುತ್ತಿದ್ದೆವು. ಚಳಿಗಾಲದಲ್ಲಿ ನೀರಿಗಿಳಿಯುವವರ ಮೈ ಜೊತೆಗಾರರಿಗೆ ಗುಟ್ಟಲ್ಲ. ನೀನು ಐಲ್ಸಾಳ ಕೈಗೆ ನಿನ್ನ ಮೈ ಸಿಗದಂತೆ ಓಡಾಡುತ್ತಿದ್ದೀಯ. ಅಳತೆ ಹಿಡಿಯುವುದಕ್ಕೂ ಬಿಡಲಿಲ್ಲ.

ಅಮ್ಮ ತನ್ನ ಕಂದು ಸ್ಕರ್ಟಿನ ಗುಂಡಿಯನ್ನು ಸರಿಸಿ ಸರಿಸಿ ಹೊಲಿದುಕೊಂಡಳು. ತೋಳು ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು. "ತೊಳ್ದೂ ತೊಳ್ದೂ ಕುಗ್ಗಿದೆ ಕಣ್ರೇ" ಅಂದಳು, ನಾವು ನಂಬಿದೆವು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನೀನು ಆ ಸ್ಕರ್ಟನ್ನು ಮರೆತಿಲ್ಲ. ಮರೆಯದೇ ಇರುವುದಕ್ಕೇ ಹೆದರಿದ್ದೀಯ.

ಡಾಕ್ಟರ ಹತ್ತಿರ ಹೋಗು. ಅವರು ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವ ತನಕ, ನೀನು ಬರೆದ ಆ ಸೊಂಟದ ಅಳತೆಗೆ ನಾನು ಲೊವೆನಾ ಕೈಯಲ್ಲಿ ಸೂಟು ಮಾಡಿಸಿಕೊಡುವುದಿಲ್ಲ. ನನ್ನನ್ನು ಏನು ಬೇಕಾದರೂ ಬೈದುಕೊ. ನಾನು ನಿನ್ನ ಗುಂಡಿ ಸರಿಸಿಕೊಡುವವಳಲ್ಲ.

ಡಿಂಪ್ನಾ

*

ಈಸ್ಕಿ
೨೫ ಫೆಬ್ರವರಿ ೧೯೯೭

ನೂಲಾ,

ಉತ್ತರವಿಲ್ಲ. ಫೋನು ಮಾಡಿದೆ. ನಿಮ್ಮ ಮಿಸೆಸ್ ಗನ್‌ಗೆ ಸುಳ್ಳು ಹೇಳಲು ಬರುವುದಿಲ್ಲ.

"ಅವ್ಳು ಮನೇಲಿಲ್ಲ" ಅಂದಳು.

"ಎಲ್ಲಿಗೆ ಹೋಗಿದಾಳೆ?"

"ತಾಳಿ, ಕೇಳಿ ಹೇಳ್ತೀನಿ" ಅಂದು, ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡು ಫೋನಿಟ್ಟಳು.

ಸಿಟ್ಟಿದ್ದರೆ ಇರಲಿ. ಬೈದು ಒಂದು ಕಾಗದ ಬರೆ. ಖಾಲಿ ಲಕೋಟೆಯನ್ನಾದರೂ ಕಳಿಸು, ನಿನ್ನ ಅಕ್ಷರದಲ್ಲಿ ವಿಳಾಸವಿದ್ದರೆ ಸಾಕು. ನನಗೆ ಶೆಡ್ಡಿನಲ್ಲಿ ಕೆಲಸ ಸಾಗುತ್ತಿಲ್ಲ. ನಿನ್ನೆ ಪಾದ್ರಿಯ ತಂಗಿಯ ಸೂಟಿಗೆ ಎರಡು ಎಡ ತೋಳು ಅಂಟಿಸಿಟ್ಟೆ.

ಬಟ್ಟೆ ಕಳಿಸಿದ್ದು ನಿನಗೆ ನೋವಾಗಿರಬೇಕು. ಅದನ್ನು ಎಸೆದುಬಿಡು. ಡಾಕ್ಟರ ಹತ್ತಿರ ಹೋಗು ಅಂತ ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ, ನೀನು ಹೋಗುವ ತನಕ.

ಡಿಂಪ್ನಾ

*

ಥರ್ಸೋ
೨೬ ಫೆಬ್ರವರಿ ೧೯೯೭

ಅಕ್ಕ,

ಹೋಗಿದ್ದೆ. ನಿನ್ನ ಮಾತು ಕೇಳಿ ಹೋದದ್ದಲ್ಲ. ಐಲ್ಸಾ ಕಿವಿ ಹಿಡಿದು ಕರೆದುಕೊಂಡು ಹೋದಳು.

ಹೋದ ವಾರ ಅವಳ ತಮ್ಮನ ಸೂಟು ಹಾಕಿಕೊಂಡು ಇಳಿದೆ. ಹೊಟ್ಟೆಗೆ ಹಾಯಾಗಿತ್ತು, ಅಷ್ಟೇ ಬೇಕಿತ್ತು ನನಗೆ. ಮೊದಲನೇ ಅಲೆ ಮೇಲೆ ಬಿದ್ದದ್ದೇ ಕುತ್ತಿಗೆಯಿಂದ ನುಗ್ಗಿದ ನೀರು ಹಿಮ್ಮಡಿಯ ತನಕ ಹೋಯಿತು. ಎರಡನೆಯದಕ್ಕೆ ಮತ್ತೆ. ಕಾಲು ಎರಡೂ ಮರದ ಕೊರಡಾದವು. ದಡಕ್ಕೆ ಬಂದೆ, ಆದರೆ ಹಲಗೆಯನ್ನು ಎತ್ತಲಾಗಲಿಲ್ಲ, ಕಾರಿನ ಬಾಗಿಲಿಗೆ ಬೀಗದ ಕೈ ಹಾಕಲೂ ಆಗಲಿಲ್ಲ. ಸುಮ್ಮನೆ ಬಾಗಿಲಿಗೆ ಒರಗಿ ನಿಂತಿದ್ದೆ. ಐಲ್ಸಾ ತನ್ನ ಹೊಲದಿಂದ ನೋಡಿ ಓಡಿ ಬಂದು, ಏನೂ ಕೇಳದೆ ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು.

"ಬೇಡ, ನಾನೇ ಬಿಚ್ಕೋತೀನಿ" ಅಂದೆ. ಹಲ್ಲು ಕಟಕಟ ಅನ್ನುತ್ತಿತ್ತು.

"ಬಾಯ್ಮುಚ್ಚು" ಅಂದಳು. ಜಿಪ್ಪು ಎಳೆದು, ಸೂಟನ್ನು ಭುಜದಿಂದ ಕೆಳಗೆ ಸುಲಿದಳು. ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಳು.

"ಇದೇನೇ ಇದು?"

"ರೊಟ್ಟಿ ಜಾಸ್ತಿ ತಿಂದೆ."

"ರೊಟ್ಟಿ ತಿಂದೋಳ ಪಕ್ಕೆಲುಬು ಹೀಗೆ ಎಣಿಸೋ ಹಾಗಿರುತ್ತಾ? ಎಷ್ಟು ದಿನದಿಂದ ಮುಚ್ಚಿಟ್ಕೊಂಡಿದೀಯ? ನಿನ್ನ ತಲೆ ನೆಟ್ಟಗಿದೆಯೇನೇ?"

ಆಮೇಲೆ ಅವಳು ಅಳುವುದಕ್ಕೆ ಶುರುಮಾಡಿದಳು, ಅಕ್ಕ. ಕೈಯಾರೆ ಕರು ಎಳೆಯುವ ಹೆಂಗಸು, ಒದ್ದೆ ಸೂಟು ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅವಳು ಅತ್ತದ್ದಕ್ಕೆ ನನಗೂ ಅಳಲು ಬಂತು. ಡಿಸೆಂಬರಿನಿಂದ ಅತ್ತಿರಲಿಲ್ಲ.

ಡಾಕ್ಟರು ನೋಡಿ ಇನ್ವರ್ನೆಸ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಅಲ್ಲಿ ಯಂತ್ರವಿಟ್ಟು ನೋಡಿದರು. ಅಂಡಾಶಯದ ಮೇಲೆ ಗಡ್ಡೆ. ದೊಡ್ಡದು. ಒಳ್ಳೆಯದೋ ಕೆಟ್ಟದ್ದೋ ತೆಗೆದು ನೋಡುವ ತನಕ ಹೇಳಲಾಗುವುದಿಲ್ಲ ಅಂದರು. ಅಮ್ಮನ ವಿಷಯ ಹೇಳಿದೆ. ಬರೆದುಕೊಂಡರು. ಅವರ ಮುಖದಿಂದ ನನಗೆ ಏನೂ ಓದಲಾಗಲಿಲ್ಲ. ಮಾರ್ಚ್ ಹದಿಮೂರಕ್ಕೆ ಆಪರೇಷನ್.

ನಿನ್ನ ಸೂಟಿನ ಕಾಗದಕ್ಕೆ ಉತ್ತರ ಬರೆಯದೇ ಇದ್ದದ್ದು ಸಿಟ್ಟಿನಿಂದಲ್ಲ. ಸೊಂಟ ಅಗಲವಾದ ಒಂದು ಸೂಟು ಬಂದುಬಿಟ್ಟರೆ ಎಲ್ಲ ಸರಿಯಾಗುತ್ತದೆ ಅಂತ ನಂಬಿಕೊಂಡಿದ್ದೆ. ಅದನ್ನೂ ನೀನು ಕಿತ್ತುಕೊಂಡೆ.

ಬರಬೇಡ, ಮನೆ ಬಿಟ್ಟು ಅಷ್ಟು ದೂರ ಯಾಕೆ ಅಂತ ಬರೆಯಬೇಕೆಂದು ಕೂತೆ. ಬಾ ಅಕ್ಕ. ಬೇಗ ಬಾ.

ನೂಲಾ

*

ಈಸ್ಕಿ
೨೬ ಮಾರ್ಚ್ ೧೯೯೭

ನೂಲಾ,

ತಲುಪಿದೆ. ದೋಣಿಯಲ್ಲಿ ವಾಂತಿ, ಬಸ್ಸಿನಲ್ಲಿ ನಿದ್ದೆ, ಮನೆಯಲ್ಲಿ ಮ್ಯಾಲಕಿ ತೊಳೆಯದೆ ರಾಶಿ ಹಾಕಿದ ಪಾತ್ರೆ. ಅದನ್ನು ತೊಳೆಯುತ್ತಾ ನಿಂತರೂ ಮನಸ್ಸೆಲ್ಲ ನಿನ್ನ ಹಾಸಿಗೆಯ ಹತ್ತಿರವೇ ಇತ್ತು. "ಹೋಗಕ್ಕ, ನೀನು ಹೀಗೆ ನನ್ನನ್ನೇ ನೋಡ್ತಾ ಕೂತ್ರೆ ನಾನು ಸತ್ತೇ ಹೋಗ್ತೀನಿ ಅನ್ಸುತ್ತೆ" ಅಂತ ನೀನು ಓಡಿಸಿದೆ ಅಂತ ಬಂದೆ. ಇಲ್ಲದಿದ್ದರೆ ಬರುತ್ತಿರಲಿಲ್ಲ.

ಆಪರೇಷನ್ ದಿನ ಸರ್ಜನ್ ಹೊರಗೆ ಬಂದು ಎರಡು ಕೈ ಅಗಲಿಸಿ ಗಾತ್ರ ತೋರಿಸಿದಾಗ ನನಗೆ ಹೊಲದಲ್ಲಿ ಕಿತ್ತ ಟರ್ನಿಪ್ ಗಡ್ಡೆಯೇ ಕಣ್ಮುಂದೆ ಬಂತು. "ಪೂರ್ತಿ ತೆಗೆದ್ವಿ, ಒಡೀಲಿಲ್ಲ" ಅಂದರು. ಪರೀಕ್ಷೆಗೆ ಕಳಿಸಿದ್ದೇವೆ, ಕಾಯಿರಿ ಅಂದರು. ನಿನಗೆ ಇದನ್ನು ಹೇಳುವಾಗ ನಾನು ನಗುತ್ತಿದ್ದೆನಲ್ಲ, ಅದು ಸುಳ್ಳು ನಗು. ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದಿದ್ದೆ.

ನೀನು ಆ ಬಟ್ಟೆಯ ತುಂಡನ್ನು ದಿಂಬಿನ ಚೀಲದೊಳಗೆ ಇಟ್ಟುಕೊಂಡಿದ್ದನ್ನು ನೋಡಿದೆ.

ಪೋಸ್ಟ್‌ಮ್ಯಾನ್ ಬಂದರೂ ಓಡುತ್ತೇನೆ, ಫೋನು ಬಂದರೂ ಓಡುತ್ತೇನೆ. ರಿಸಲ್ಟ್ ಬಂದ ತಕ್ಷಣ ಹೇಳು. ಏನೇ ಇರಲಿ, ಹೇಳು. ಮುಚ್ಚಿಡಬೇಡ.

ಡಿಂಪ್ನಾ

*

ಥರ್ಸೋ
೪ ಏಪ್ರಿಲ್ ೧೯೯೭

ನನ್ನ ಡಿಂಪ್ನಕ್ಕ,

ನಿನ್ನೆ ಫೋನಿನಲ್ಲಿ "ಒಳ್ಳೇದಂತೆ" ಅನ್ನುವಷ್ಟರಲ್ಲಿ ನೀನು ಅತ್ತೆ, ನಾನೂ ಅತ್ತೆ, ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಮಿಸೆಸ್ ಗನ್ ಕೂಡ ಅತ್ತಳು. ಮಾತು ಆಗಲೇ ಇಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಅಲ್ಲ. ಮೂಲೆ ಮೂಲೆಯಿಂದ ಚೂರು ತೆಗೆದು ನೋಡಿದ್ದಾರಂತೆ, ಎಲ್ಲೂ ಇಲ್ಲ. ನೀರು ತುಂಬಿದ ಗಡ್ಡೆ, ಅಷ್ಟೆ. ಅಮ್ಮನಿಗೆ ಆ ಕಾಯಿಲೆ ಇದ್ದದ್ದರಿಂದ ವರ್ಷ ವರ್ಷ ಬಂದು ತೋರಿಸಬೇಕು ಅಂದರು. ತೋರಿಸುತ್ತೇನೆ, ಆಣೆ. "ಇಷ್ಟು ದೊಡ್ಡದನ್ನ ಹೊತ್ಕೊಂಡು ಕಡಲಲ್ಲಿ ಏನ್ರೀ ಮಾಡ್ತಿದ್ರಿ?" ಅಂತ ಡಾಕ್ಟರು ಕೇಳಿದರು. "ಸರ್ಫಿಂಗ್" ಅಂದೆ. ನನ್ನ ಮುಖವನ್ನೇ ನೋಡಿ ತಲೆ ಅಲ್ಲಾಡಿಸಿದರು.

ಮನೆಗೆ ಬಂದಾಗ ಮಿಸೆಸ್ ಗನ್ ಬೀರುವಿನಿಂದ ವಿಸ್ಕಿ ತೆಗೆದು, ಬೆಳಿಗ್ಗೆ ಹನ್ನೊಂದು ಗಂಟೆಗೆ, ತಾನೂ ಕುಡಿದು ನನಗೂ ಕುಡಿಸಿದಳು. ಮಧ್ಯಾಹ್ನ ಐಲ್ಸಾ ಬಂದು ಒಂದು ಕ್ಯಾನು ಹಾಲಿಟ್ಟು, ನನ್ನ ತಲೆಗೊಂದು ಮೊಟಕಿ ಹೋದಳು. ನನಗೆ ಹಸಿವಾಗುತ್ತಿದೆ ಅಕ್ಕ! ನಾಲ್ಕು ಮೊಟ್ಟೆ ತಿಂದೆ. ರಸ್ತೆಯಲ್ಲಿ ನಡೆಯುವಾಗ ಸುಮ್ಮಸುಮ್ಮನೆ ನಗು ಬರುತ್ತದೆ.

ಮೇ ಕೊನೆಯ ತನಕ ನೀರಿಗೆ ಇಳಿಯುವಂತಿಲ್ಲ. ಆದರೆ ಅಷ್ಟರೊಳಗೆ ಸೂಟು ತಯಾರಾಗಬೇಕಲ್ಲ. ಲೊವೆನಾ ಅಳತೆ ಸಿಕ್ಕ ಮೇಲೆ ಎರಡು ತಿಂಗಳು ತೆಗೆದುಕೊಳ್ಳುತ್ತಾಳೆ ಅಂದಿದ್ದೆಯಲ್ಲ. ಗಾಯ ಪೂರ್ತಿ ಆರಲಿ, ಐಲ್ಸಾ ಕೈಯಲ್ಲಿ ಹೊಸದಾಗಿ ಅಳತೆ ಹಿಡಿಸಿ ಕಳಿಸುತ್ತೇನೆ. ಈಗ ನನ್ನ ಸೊಂಟ ಎಲ್ಲಿಗೆ ಬಂದು ನಿಲ್ಲುತ್ತದೋ ನನಗೇ ಗೊತ್ತಿಲ್ಲ.

ಭಾವನಿಗೆ ನನ್ನ ಮುತ್ತು. ಕೂಸು ಕೊಡಲಾಗಲಿಲ್ಲ, ನನ್ನನ್ನೇ ಕೂಸು ಅಂದುಕೊಳ್ಳಲಿ.

ನೂಲಾ

*

ಥರ್ಸೋ
೨ ಜೂನ್ ೧೯೯೭

ಅಕ್ಕ,

ನಿನ್ನೆ ಇಳಿದೆ.

ಮೊದಲು ಪಾರ್ಸೆಲಿನ ಮಾತು. ಏಪ್ರಿಲ್ ಮೂರನೇ ವಾರದಲ್ಲೇ ಬಂತು. ನಾನಿನ್ನೂ ಹೊಸ ಅಳತೆಯನ್ನೇ ಕಳಿಸಿರಲಿಲ್ಲ. ಯಾರದೋ ಸೂಟು ತಪ್ಪಿ ಬಂದಿರಬೇಕು ಅಂದುಕೊಂಡೆ, ಆದರೆ ಕುತ್ತಿಗೆಯ ಒಳಗೆ ನನ್ನ ಹೆಸರಿತ್ತು. ನಿನ್ನನ್ನು ಕೇಳಿದರೆ "ಬಂತಲ್ಲ, ಸುಮ್ನಿರು" ಅಂದೆ. ಡಾಕ್ಟರು ಹೂಂ ಅನ್ನುವ ತನಕ ಮೈಗೆ ಹಾಕಿ ನೋಡಲೂ ಹೆದರಿ ಬೀರುವಿನಲ್ಲಿ ನೇತುಹಾಕಿದ್ದೆ. ಬಾಗಿಲು ತೆಗೆದಾಗಲೆಲ್ಲ ಇನ್ನೊಬ್ಬ ನೂಲಾ ಅಲ್ಲಿ ನಿಂತು ನನ್ನನ್ನು ಕಾಯುತ್ತಿದ್ದಂತೆ ಇತ್ತು.

ನಿನ್ನೆ ಐಲ್ಸಾಳ ಕೊಟ್ಟಿಗೆಯಲ್ಲಿ ಹಾಕಿಕೊಂಡೆ. ಕಾಲಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಜಾರಿಸಿದೆ, ಬೇಕರಿಯವಳಿಗೆ ಅದಕ್ಕೇನು ಬರ. ತೊಡೆ ದಾಟಿತು. ಸೊಂಟದ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೆ. ಐಲ್ಸಾ ಹಿಂದಿನಿಂದ ಜಿಪ್ಪು ಎಳೆದಳು. ಒಂದೇ ಎಳೆತಕ್ಕೆ ಕುತ್ತಿಗೆಯ ತನಕ ಹೋಯಿತು. ಅವಳು ಬೆನ್ನಿನ ಕುಳಿಯಲ್ಲಿ ಬೆರಳು ತೂರಿಸಲು ನೋಡಿದಳು.

"ಹೋಗಲ್ಲ ಕಣೇ. ಅಂಟಿ ಕೂತಿದೆ" ಅಂದಳು.

ಗಾಯದ ಮೇಲೆ ಎಲ್ಲೂ ಒತ್ತಲಿಲ್ಲ. ನೀರು ಇನ್ನೂ ತಣ್ಣಗೇ ಇದೆ, ಕೈ ಇಟ್ಟರೆ ಮೂಳೆ ನೋಯುತ್ತದೆ. ಮೊದಲನೇ ಅಲೆಯ ಕೆಳಗೆ ಮುಳುಗಿದೆ, ಬೆನ್ನಿಗೆ ತಣ್ಣೀರು ಸುರಿಯುತ್ತದೆ ಅಂತ ಕಾದೆ. ಸುರಿಯಲಿಲ್ಲ. ಒಳಗೆಲ್ಲ ಬೆಚ್ಚಗಿತ್ತು. ಸಣ್ಣ ಅಲೆಗಳು, ಸೊಂಟದೆತ್ತರ. ಎರಡರಲ್ಲಿ ಬಿದ್ದೆ, ಮೂರನೆಯದರಲ್ಲಿ ನಿಂತೆ. ಐಲ್ಸಾ ಆಚೆಯಿಂದ ಕೂಗಿಕೊಂಡದ್ದು ಅವಳ ಹಸುಗಳಿಗೂ ಕೇಳಿಸಿರಬೇಕು. ಆಮೇಲೆ ಕೊಟ್ಟಿಗೆಯಲ್ಲಿ ಅವಳು ನನ್ನ ಹಿಮ್ಮಡಿ ಹಿಡಿದು ಎಳೆದು, ಸೂಟು ಕೈಯಲ್ಲಿ ಹಿಡಿದುಕೊಂಡೇ ಸಗಣಿಯ ಮೇಲೆ ಕೂತಳು. ನಾನು ನಕ್ಕೂ ನಕ್ಕೂ ಹೊಲಿಗೆ ಬಿಚ್ಚೀತು ಅಂತ ಹೊಟ್ಟೆ ಹಿಡಿದುಕೊಂಡೆ.

ಬೆಳಿಗ್ಗೆ ಲೊವೆನಾಗೆ ಫೋನು ಮಾಡಿದೆ, ಥ್ಯಾಂಕ್ಸ್ ಹೇಳಲು. ಇಷ್ಟು ಬೇಗ ಹೇಗೆ ಮಾಡಿದಿರಿ ಅಂತ ಕೇಳಿದೆ. "ಬೇಗ ಎಲ್ಲಿ? ಫೆಬ್ರವರಿ ಎರಡನೇ ವಾರದಲ್ಲೇ ನಿಮ್ಮಕ್ಕ ಬರೆದಿದ್ರಲ್ಲ. ಹುಷಾರಿಲ್ಲ ಅಂತೀರಿ, ಅಳತೆ ಬದಲಾಗಬಹುದಾ ಅಂತ ಕೇಳ್ದೆ. ಇಲ್ಲ, ಅವಳ ಅಳತೆ ಇದೇ, ಕತ್ತರಿಸಿ ಅಂದ್ರು" ಅಂದಳು.

ಆಗಿನ್ನೂ ನಾನು ಡಾಕ್ಟರ ಮುಖವನ್ನೇ ನೋಡಿರಲಿಲ್ಲ. ನೀನು ಆರ್ಡರ್ ಕೊಡುವುದಿಲ್ಲ ಅಂತ ನನಗೆ ಬರೆದು, ಅವಳಿಗೆ ಕೊಟ್ಟಿದ್ದೀಯ. ಅದೂ ನನ್ನ ಹಳೇ ಸೊಂಟಕ್ಕೆ. ಅಷ್ಟು ನಂಬಿಕೆ ನಿನಗೆ ಹೇಗೆ ಬಂತು, ಅಕ್ಕ?

ನೂಲಾ

*

ಈಸ್ಕಿ
೯ ಜೂನ್ ೧೯೯೭

ನೂಲಾ,

ಲೊವೆನಾಳ ಬಾಯಿಗೆ ಯಾರಾದರೂ ಜಿಪ್ಪು ಹಾಕಬೇಕು.

ನಿನ್ನ ಕಾಗದವನ್ನು ಮ್ಯಾಲಕಿಗೆ ಜೋರಾಗಿ ಓದಿದೆ. ಐಲ್ಸಾ ಸಗಣಿಯ ಮೇಲೆ ಕೂತ ಕಡೆ ಮತ್ತೆ ಓದು ಅಂದ. ಜಿಪ್ಪು ಕುತ್ತಿಗೆಯ ತನಕ ಹೋಯಿತು ಅನ್ನುವುದನ್ನೂ ಮತ್ತೆ ಓದು ಅಂದ. ಮೂರನೇ ಸಲಕ್ಕೆ ಅವನೇ ಕಾಗದ ಕಿತ್ತುಕೊಂಡು ಕನ್ನಡಕ ಹುಡುಕಿದ.

ನಂಬಿಕೆ ಅಂದೆಯಲ್ಲ. ಯಾವ ನಂಬಿಕೆಯೂ ಇರಲಿಲ್ಲ. ನಿನಗೆ ಬಿರುಸಾಗಿ ಬರೆದು ಲಕೋಟೆ ಅಂಟಿಸಿದ ಮೇಲೆ ಶೆಡ್ಡಿನಲ್ಲಿ ಒಬ್ಬಳೇ ಕೂತೆ. ಅಮ್ಮನ ಆಸ್ಪತ್ರೆ, ಆ ವಾಸನೆ, ಅದೇ ನೆನಪಾಗುತ್ತಿತ್ತು. ಏನಾದರೂ ಮಾಡದೆ ಕೂರಲಾಗಲಿಲ್ಲ. ಲೊವೆನಾಗೆ ಬರೆಯಲು ಶುರುಮಾಡಿದೆ. ನೀನು ಕಳಿಸಿದ ಅಳತೆಯ ಚೀಟಿ ಎದುರಿಗೇ ಇತ್ತು. ಭುಜ ಬರೆಯಬೇಕು ಅಂತ ನೋಡಿದೆ, ಆ ಕಡ್ಡಿಯಂಥ ತೋಳು ನೋಡಿದೆ. ಸೊಂಟ ನೋಡಿದೆ. ಅದನ್ನು ನನ್ನ ಕೈಯಲ್ಲಿ ಬರೆದರೆ ನಾನು ಒಪ್ಪಿಕೊಂಡ ಹಾಗೆ ಅನ್ನಿಸಿತು. ಆಗಲಿಲ್ಲ ನನ್ನಿಂದ.

ನಿನ್ನ ಹಳೇ ಸೂ‌ಟಿಗೆ ತೇಪೆ ಹಾಕಿದವಳು ನಾನು, ನಿನ್ನ ಮೈಯ ಅಳತೆ ನನಗೆ ಬಾಯಿಪಾಠ. ಅದನ್ನೇ ಬರೆದೆ. ಗಟ್ಟಿಮುಟ್ಟಾದ ನೂಲಾಳ ಅಳತೆ. ಅಳತೆ ಬದಲಾಗಬಹುದಾ ಅಂತ ಅವಳು ಫೋನು ಮಾಡಿ ಕೇಳಿದಾಗ ಜೋರಾಗಿ "ಇಲ್ಲ" ಅಂದೆ. ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇನ್ವರ್ನೆಸ್‌ನಲ್ಲಿ ನಿನ್ನ ಪಕ್ಕ ಕೂತಿದ್ದಾಗಲೂ ಅದೇ ಯೋಚನೆ. ಕಾರ್ನ್‌ವಾಲ್‌ನಲ್ಲಿ ಒಬ್ಬಳು ನಿನ್ನ ಆ ಸೊಂಟಕ್ಕೆ ರಬ್ಬರು ಅಂಟಿಸುತ್ತಿದ್ದಾಳೆ, ಹಾಕಿಕೊಳ್ಳುವುದಕ್ಕೆ ನೀನು ಇರುತ್ತೀಯೋ ಇಲ್ಲವೋ. ನಿನಗೆ ಹೇಗೆ ಹೇಳಲಿ ಇದನ್ನು?

ಆ ಸೂಟು ಯಾರ ಮೈಗೂ ಆಗದೆ ಉಳಿದರೆ ಅದನ್ನು ಏನು ಮಾಡುವುದು ಅಂತ ಯೋಚಿಸಿ ಯೋಚಿಸಿ ನನಗೆ ನಿದ್ದೆ ಇರಲಿಲ್ಲ. ಈಗ ಅದು ಐಲ್ಸಾಳ ಕೊಟ್ಟಿಗೆಯಲ್ಲಿ ಒದ್ದೆಯಾಗಿ ನೇತಾಡುತ್ತಿದೆಯಲ್ಲ. ಸಿಹಿನೀರಿನಲ್ಲಿ ತೊಳೆ, ಬಿಸಿಲಿಗೆ ಹಾಕಬೇಡ, ಒಳಭಾಗ ಹೊರಗೆ ಮಾಡಿ ನೆರಳಲ್ಲಿ ಒಣಗಿಸು.

ಆಗಸ್ಟಿನಲ್ಲಿ ಅದನ್ನು ತೆಗೆದುಕೊಂಡು ಇಲ್ಲಿಗೆ ಬಾ. ಜಿಪ್ಪು ನಾನೇ ಎಳೆಯಬೇಕು.

ನಿನ್ನ ಅಕ್ಕ,
ಡಿಂಪ್ನಾ